ಬ್ರಿಗಾತಾ ಎಂದರೆ ಯಾರ ದಂಡು? ಇಟಲಿಯ ಸೈನ್ಯದ ಪದವೊಂದನ್ನು ಬೇರಿನ ತನಕ ಹಿಡಿದು ಹೋಗುವ ಬಗೆ

ಇಟಲಿಯ ಕಾಗದಪತ್ರದಲ್ಲಿ ‘ಬ್ರಿಗದ್ಯೇರೆ’ ಎಂಬ ಪದ ಕಂಡರೆ ದಯವಿಟ್ಟು ಅದನ್ನು ‘ಬ್ರಿಗೇಡಿಯರ್’ ಎಂದು ಕನ್ನಡಕ್ಕೆ ತರಬೇಡಿ. ಮಿಕ್ಕದ್ದನ್ನು ನಿಧಾನವಾಗಿ ಹೇಳುತ್ತೇನೆ. ಇದೊಂದು ಮಾತ್ರ ಮೊದಲೇ ತಲೆಯಲ್ಲಿರಲಿ.

ನಾನಿರುವುದು ತೋರಿನೊದಲ್ಲಿ, ಇಂಗ್ಲಿಷಿನವರು ಟ್ಯೂರಿನ್ ಎನ್ನುವ ಊರು. ಇಲ್ಲಿನ ಪಾಲಿಟೆಕ್ನಿಕ್‌ಗೆ ಓದಲು ಬರುವ ನಮ್ಮ ಕಡೆಯ ಹುಡುಗರಲ್ಲಿ ಆಗಾಗ ಒಬ್ಬ ಪಾಸ್‌ಪೋರ್ಟ್ ಕಳೆದುಕೊಳ್ಳುತ್ತಾನೆ, ಹತ್ತಿರದ ಕರಬಿನ್ಯೇರಿ (ಪೊಲೀಸ್ ಕೆಲಸವನ್ನೂ ಮಾಡುವ ಇಟಲಿಯ ಸೈನಿಕ ಪಡೆ) ಠಾಣೆಗೆ ಹೋಗಿ ದೂರು ಬರೆಸುತ್ತಾನೆ. ಕೆಳಗೆ ಸಹಿ ಹಾಕಿದವರ ದರ್ಜೆ ಬ್ರಿಗದ್ಯೇರೆ. ರಾತ್ರಿ ಊರಿಗೆ ಫೋನ್ ಹೋಗುತ್ತದೆ: ‘ಅಮ್ಮಾ, ಒಬ್ಬ ಬ್ರಿಗೇಡಿಯರ್ ತಾವೇ ಕುಳಿತು ನನ್ನ ದೂರನ್ನು ಟೈಪ್ ಮಾಡಿದರು.’ ನಮ್ಮ ಸೇನೆಯಲ್ಲಿ ಬ್ರಿಗೇಡಿಯರ್ ಕರ್ನಲ್‌ಗಿಂತ ಮೇಲೆ, ಮೇಜರ್ ಜನರಲ್‌ಗಿಂತ ಕೆಳಗೆ. ಅವರ ಮಾತಿಗೆ ಸಾವಿರಾರು ಜನ ಎದ್ದು ನಿಲ್ಲುತ್ತಾರೆ. ಕರಬಿನ್ಯೇರಿಯ ಬ್ರಿಗದ್ಯೇರೆ ಹೆಚ್ಚುಕಡಿಮೆ ನಮ್ಮ ಹವಾಲ್ದಾರರ ಸಾಲಿನವರು. ಅಮ್ಮನಿಗೆ ಸಂತೋಷವಾಗುವುದಾದರೆ ಆಗಲಿ, ಅದಕ್ಕೆ ನನ್ನ ತಕರಾರಿಲ್ಲ. ಆದರೆ ಅದೇ ಮಾತು ಅನುವಾದವಾಗಿ, ಮುದ್ರೆ ಒತ್ತಿಸಿಕೊಂಡು ಕಚೇರಿಗೆ ಬಂದಾಗ ನನಗೆ ತಲೆ ಬಿಸಿಯಾಗುತ್ತದೆ. ಕಾಗದಪತ್ರ ಅನುವಾದ ಮಾಡುವುದು ನನ್ನ ಹೊಟ್ಟೆಪಾಡು. ಸಾಲದ್ದಕ್ಕೆ ಹುಟ್ಟಿ ಬೆಳೆದದ್ದು ಬೆಳಗಾವಿಯಲ್ಲಿ, ಮರಾಠಾ ಲೈಟ್ ಇನ್‌ಫೆಂಟ್ರಿಯ ಸುಬೇದಾರರ ಮಗಳಾಗಿ. ದರ್ಜೆಯ ವಿಷಯದಲ್ಲಿ ಯಾರಾದರೂ ಸಡಿಲವಾಗಿ ಮಾತನಾಡಿದರೆ ಸಹಿಸದಿರುವುದು ಸೇನೆಯ ಕ್ವಾರ್ಟರ್ಸ್‌ನಲ್ಲಿ ಬೆಳೆದವರ ಕಾಯಿಲೆ.

ಹೀಗಾಗಿ ಬ್ರಿಗದ್ಯೇರೆಯ ಮೂಲದಲ್ಲಿರುವ, ಸೈನ್ಯದಲ್ಲಿ ಬ್ರಿಗೇಡ್ ಎಂಬ ಅರ್ಥ ಕೊಡುವ ‘ಬ್ರಿಗಾತಾ’ ಎಂಬ ಒಂದೇ ಪದವನ್ನು ಹಿಡಿದು, ಇಟಲಿಯ ಸೈನ್ಯದ ಪದವೊಂದರ ಅರ್ಥವನ್ನೂ ಹುಟ್ಟನ್ನೂ ಹುಡುಕುವುದು ಹೇಗೆ ಎಂದು ತೋರಿಸುತ್ತೇನೆ. ದಾರಿ ಗೊತ್ತಾದರೆ ಬೇರೆ ಪದಗಳನ್ನು ನೀವೇ ಹಿಡಿಯಬಹುದು.

ಮೊದಲು ಕಿವಿ, ಆಮೇಲೆ ನಿಘಂಟು

ಇಟಾಲಿಯನ್ನಿನ ತ, ದ ಎರಡೂ ನಮ್ಮ ತ, ದಗಳೇ; ನಾಲಗೆ ಹಲ್ಲಿಗೆ ತಾಗಬೇಕು. ಇಂಗ್ಲಿಷಿನ ಮೂಲಕ ಹೋಗುವವರು ‘ಬ್ರಿಗಾಟಾ’ ಎಂದು ಬರೆದು ಪದವನ್ನು ಇಲ್ಲದ ಕಡೆಗೆ ಎಳೆಯುತ್ತಾರೆ. ಕನ್ನಡಿಗರಿಗೆ ಆ ಸುತ್ತು ಬೇಡ. ಬ್ರಿ-ಗಾ-ತಾ, ಒತ್ತು ನಡುವಿನ ‘ಗಾ’ದ ಮೇಲೆ. ಹಲವಾದರೆ ‘ಬ್ರಿಗಾತೆ’.

ಪದದ ಬಡ ನೆಂಟರನ್ನು ವಿಚಾರಿಸಿ

ಸೈನ್ಯದ ಪದ ಸಿಕ್ಕಿದ ಕೂಡಲೇ ಸೈನ್ಯದ ಇತಿಹಾಸಕ್ಕೆ ಹಾರುವುದು ದೊಡ್ಡ ಅವಸರ. ಸಮವಸ್ತ್ರ ತೊಡುವ ಮೊದಲು ಆ ಪದ ಯಾರ ಮನೆಯಲ್ಲಿತ್ತು ಎಂದು ಕೇಳಬೇಕು. ಅದಕ್ಕೆ ಸುಲಭದ ಉಪಾಯ: ಅದೇ ಬೇರಿನ ಪದಗಳು ಇವತ್ತಿನ ಅಡುಗೆಮನೆಯಲ್ಲಿ, ಬಸ್ಸಿನಲ್ಲಿ, ಜಗಳದಲ್ಲಿ ಹೇಗೆ ಓಡಾಡುತ್ತಿವೆ ಎಂದು ಗಮನಿಸುವುದು.

ಇಟಲಿಯಲ್ಲಿ ಒಂದು ಬೆಳಗು ಕಳೆದರೂ ನಿಮ್ಮ ಕಿವಿಗೆ ‘ಸ್ಬ್ರೀಗತಿ!’ ಬಿದ್ದಿರುತ್ತದೆ. ಶಾಲೆಗೆ ತಡವಾದ ಮಗುವಿಗೆ, ಸ್ನಾನದ ಮನೆಯಿಂದ ಹೊರಗೆ ಬಾರದ ಗಂಡನಿಗೆ ಹೇಳುವ ಮಾತು: ಬೇಗ ಮುಗಿಸು. ಇದರೊಳಗಿರುವುದು ‘ಬ್ರೀಗಾ’. ಬ್ರೀಗಾ ಎಂದರೆ ತಂಟೆ, ತಕರಾರು, ಬೇಡದ ಹೊರೆ. ನಮ್ಮ ‘ಉಸಾಬರಿ’ ಇದಕ್ಕೆ ಹೇಳಿ ಮಾಡಿಸಿದ ಹಾಗಿದೆ. ‘ಪ್ರೆಂದೆರ್ಸಿ ಲಾ ಬ್ರೀಗಾ’ ಎಂದರೆ ಉಸಾಬರಿ ಹೊತ್ತುಕೊಳ್ಳುವುದು. ‘ಅತ್ತಕ್ಕಾರ್ ಬ್ರೀಗಾ’ ಎಂದರೆ ಕಾಲು ಕೆರೆದು ಜಗಳಕ್ಕೆ ಹೋಗುವುದು. ‘ಬ್ರಿಗಾರೆ’ ಎಂಬ ಕ್ರಿಯಾಪದಕ್ಕೆ ಇವತ್ತಿನ ಅರ್ಥ ಒಳಗೊಳಗೇ ಹುನ್ನಾರ ಹೂಡುವುದು, ಹುದ್ದೆಗಾಗಿ ಅವರಿವರ ಬಾಗಿಲು ತಟ್ಟುವುದು. ಮುಂದೆ ‘ಸ್’ ಹತ್ತಿದರೆ ಅರ್ಥ ತಿರುವು ಪಡೆಯುತ್ತದೆ: ಉಸಾಬರಿಯಿಂದ ಬಿಡಿಸಿಕೊ, ಅಂದರೆ ಮುಗಿಸಿ ಹೊರಗೆ ಬಾ.

ಒಂದು ಗಾದೆಯೂ ಇದೆ: ‘ಪೋಕಾ ಬ್ರಿಗಾತಾ, ವೀತಾ ಬೆಯಾತಾ’. ಜನ ಕಡಿಮೆಯಿದ್ದರೆ ಬಾಳು ಸುಖ. ಮದುವೆಗೆ ಯಾರನ್ನು ಕರೆಯಬೇಕು ಎಂಬ ಪಟ್ಟಿ ಉದ್ದವಾಗುತ್ತಿರುವಾಗ ಇದನ್ನು ಹೇಳುತ್ತಾರೆ. ಇಲ್ಲಿ ಬ್ರಿಗಾತಾ ಎಂದರೆ ಬಂದೂಕು ಹಿಡಿದವರಲ್ಲ, ಬಾಯಿ ಹಾಕುವ ನೆಂಟರಿಷ್ಟರು.

ಇಷ್ಟು ನೆಂಟರನ್ನು ಕಂಡ ಮೇಲೆ ಒಂದು ಊಹೆ ತಾನಾಗಿ ಮೂಡುತ್ತದೆ: ಈ ಪದದಲ್ಲಿ ಕತ್ತಿ ಗುರಾಣಿಗಿಂತ ಮುಂಚೆ ಇದ್ದದ್ದು ಜನರ ಗುಂಪು, ಅವರು ಕೂಡಿ ತಲೆಗೆ ಕಟ್ಟಿಕೊಂಡ ಕೆಲಸ. ಊಹೆಯನ್ನು ನಿಘಂಟಿನ ಮುಂದೆ ಇಡುವ ಸಮಯ ಈಗ.

ಯಾವ ನಿಘಂಟು, ಅದರಲ್ಲಿ ಏನನ್ನು ಓದಬೇಕು

ಇಟಾಲಿಯನ್‌ನಿಂದ ಇಂಗ್ಲಿಷಿಗೆ ಹೋಗುವ ನಿಘಂಟನ್ನು ಪಕ್ಕಕ್ಕೆ ಇಡಿ. ಅದು ‘ಬ್ರಿಗೇಡ್’ ಎಂದು ಹೇಳಿ ಕೈತೊಳೆದುಕೊಳ್ಳುತ್ತದೆ. ಮೊದಲು ತ್ರೆಕ್ಕಾನಿಯ ನಿಘಂಟು ನೋಡಿ, ಅಂತರ್ಜಾಲದಲ್ಲಿ ಉಚಿತವಾಗಿ ಸಿಗುತ್ತದೆ. ಅರ್ಥಗಳ ಕ್ರಮಸಂಖ್ಯೆಯನ್ನು ಗಮನಿಸಿ. ‘ಗೆಳೆಯರ ಕೂಟ’ ಎಂಬ ಅರ್ಥವನ್ನು ಎಲ್ಲಿ ಇಟ್ಟಿದ್ದಾರೆ, ‘ಮಿಲಿತ್.’ ಎಂಬ ಸಂಕ್ಷೇಪದೊಂದಿಗೆ ಬರುವ ಸೈನ್ಯದ ಅರ್ಥ ಎಲ್ಲಿದೆ ಎಂದು ನೋಡಿ. ‘ಆಂತ್.’ ಎಂದಿದ್ದರೆ ಹಳೆಯ ಬಳಕೆ, ಈಗ ಯಾರೂ ಆಡುವುದಿಲ್ಲ. ‘ದೆರ್. ದಿ’ ಎಂದಿದ್ದರೆ ಇಂಥ ಪದದಿಂದ ಬಂದದ್ದು. ಬ್ರಿಗಾತಾ ಬಂದದ್ದು ಬ್ರೀಗಾದಿಂದ. ಹಾಗಾದರೆ ಬ್ರೀಗಾ ಎಲ್ಲಿಂದ ಬಂತು? ಅಲ್ಲಿ ವಿದ್ವಾಂಸರು ಒಮ್ಮತಕ್ಕೆ ಬಂದಿಲ್ಲ. ‘ಬಲ’ ಎಂಬ ಅರ್ಥದ ಕೆಲ್ಟಿಕ್ ಬೇರು ಎನ್ನುವವರು ಒಂದು ಕಡೆ, ‘ಮುರಿ’ ಎಂಬ ಅರ್ಥದ ಗೋಥಿಕ್ ಬೇರು ಎನ್ನುವವರು ಇನ್ನೊಂದು ಕಡೆ. ಇಂಥ ಕಡೆ ಎರಡನ್ನೂ ಬರೆದಿಟ್ಟುಕೊಂಡು ಮುಂದೆ ಹೋಗಬೇಕು. ಒಂದನ್ನು ಆರಿಸಿ ಅದರ ಮೇಲೆ ಕಥೆ ಕಟ್ಟುವ ಚಪಲ ನಮ್ಮಲ್ಲಿ ಹಲವರಿಗಿದೆ. ಊರಹೆಸರುಗಳ ಸ್ಥಳಪುರಾಣ ಓದಿದವರಿಗೆ ಬಿಡಿಸಿ ಹೇಳಬೇಕಿಲ್ಲ.

ಎರಡನೆಯದು ಕ್ರುಸ್ಕಾ ಅಕಾಡೆಮಿಯ ನಿಘಂಟು. ಫ್ಲಾರೆನ್ಸ್‌ನಲ್ಲಿ 1583ರಲ್ಲಿ ಹುಟ್ಟಿದ ಈ ಸಂಸ್ಥೆ 1612ರಲ್ಲಿ ನಿಘಂಟಿನ ಮೊದಲ ಮುದ್ರಣ ತಂದಿತು. ಅದೂ ಅದರ ನಂತರದ ಪರಿಷ್ಕರಣೆಗಳೂ ಈಗ ಪರದೆಯ ಮೇಲೆ ಓದಲು ಸಿಗುತ್ತವೆ. ಒಂದೇ ಪದ ಮುದ್ರಣದಿಂದ ಮುದ್ರಣಕ್ಕೆ ಹೇಗೆ ಅರ್ಥ ಬೆಳೆಸಿಕೊಳ್ಳುತ್ತದೆ ಎಂದು ನೋಡಲು ಇದಕ್ಕಿಂತ ಒಳ್ಳೆಯ ಜಾಗವಿಲ್ಲ. ಇನ್ನೂ ಹಿಂದಕ್ಕೆ, ಹದಿನಾಲ್ಕನೆಯ ಶತಮಾನದ ಮತ್ತು ಅದಕ್ಕೂ ಹಳೆಯ ವಾಕ್ಯಗಳು ಬೇಕಿದ್ದರೆ ಆರಂಭಕಾಲದ ಇಟಾಲಿಯನ್ನಿನ ಕೋಶವೊಂದಿದೆ. ತಿ-ಎಲ್ಲೆ-ಇ-ಓ ಎಂಬ ನಾಲ್ಕು ಅಕ್ಷರಗಳಿಂದ ಅದನ್ನು ಕರೆಯುತ್ತಾರೆ. ಅದೂ ಉಚಿತ.

ಹಳೆಯ ವಾಕ್ಯದಲ್ಲಿ ಯಾರಿದ್ದಾರೆ ನೋಡಿ

ನಿಘಂಟಿನ ಅರ್ಥಕ್ಕಿಂತ ಅದು ಕೊಡುವ ಉದಾಹರಣೆ ವಾಕ್ಯ ನನಗೆ ಹೆಚ್ಚು ನಂಬಿಕೆಯದ್ದು. ಇಟಲಿಯ ಕವಿ ದಾಂತೆ ತನ್ನ ‘ಡಿವೈನ್ ಕಾಮಿಡಿ’ ಕಾವ್ಯದ ನರಕ ಭಾಗದ 29ನೇ ಸರ್ಗದಲ್ಲಿ ಸಿಯೆನಾದ ಒಂದು ಬ್ರಿಗಾತಾವನ್ನು ಹೆಸರಿಸುತ್ತಾನೆ. ಅಪ್ಪಂದಿರ ದ್ರಾಕ್ಷಿತೋಟ, ಹೊಲಮನೆಯನ್ನೆಲ್ಲ ಮೋಜಿಗೆ ಸುರಿದು ಬರಿಗೈಯಾದ ಶ್ರೀಮಂತರ ಮಕ್ಕಳ ಕೂಟ ಅದು. ಅದೇ ಕವಿ ಶುದ್ಧಿಲೋಕದ 16ನೇ ಸರ್ಗದಲ್ಲಿ ಬ್ರೀಗಾ ಪದವನ್ನು ಚಕ್ರವರ್ತಿ ಎರಡನೇ ಫ್ರೆಡರಿಕ್‌ಗೆ ಎದುರಾದ ಕಲಹಕ್ಕೆ ಬಳಸುತ್ತಾನೆ. ಮಗಳು ಬ್ರಿಗಾತಾ ಮೋಜು ಮಾಡುತ್ತಿದ್ದಾಳೆ, ತಾಯಿ ಬ್ರೀಗಾ ಜಗಳವಾಡುತ್ತಿದ್ದಾಳೆ. ಒಂದೇ ಕಾವ್ಯದೊಳಗೆ ಎರಡೂ.

‘ದೆಕಾಮೆರೋನ್’ ಬರೆದ ಕಥೆಗಾರ ಬೊಕ್ಕಾಚ್ಚೊನಲ್ಲಿ ಈ ಪದ ಇನ್ನೂ ಸೌಮ್ಯ. 1348ರ ಪ್ಲೇಗಿಗೆ ಹೆದರಿ ಫ್ಲಾರೆನ್ಸ್ ಬಿಟ್ಟು ಹಳ್ಳಿಮನೆ ಸೇರಿ ಕಥೆ ಹೇಳುತ್ತಾ ಕೂರುವ ಏಳು ಹೆಂಗಸರು ಮತ್ತು ಮೂವರು ಗಂಡಸರನ್ನು ಒಟ್ಟಾಗಿ ಕರೆಯುವುದೇ ಬ್ರಿಗಾತಾ ಎಂದು. ಶಾಲೆಯಲ್ಲಿ ಅವನನ್ನು ಓದಿದ ಇಟಾಲಿಯನ್ನರಿಗೆ ಪದ ಕೇಳಿದೊಡನೆ ತೋಟದ ನೆರಳು, ಹಾಡು, ಕಥೆ ನೆನಪಾಗುವುದೂ ಉಂಟು. ಇಂಗ್ಲಿಷಿನ ಬ್ರಿಗೇಡ್ ಕೇಳಿ ಯಾರಿಗೂ ಹಾಗೆ ಆಗಲಾರದು.

ಇಲ್ಲಿ ಕನ್ನಡಿಗರಿಗೆ ಒಂದು ಅನುಕೂಲವಿದೆ. ನಮ್ಮ ‘ದಂಡು’ ಇದೇ ಎರಡು ಊರುಗಳ ನಡುವೆ ಓಡಾಡಿದ ಪದ, ದಿಕ್ಕು ಮಾತ್ರ ಬೇರೆ. ದಂಡೆತ್ತಿ ಹೋಗುವುದು ಸೈನ್ಯ. ಬೆಂಗಳೂರು ದಂಡು ರೈಲು ನಿಲ್ದಾಣದ ಹೆಸರು ಅಲ್ಲಿ ಬೀಡುಬಿಟ್ಟ ಸೈನ್ಯದ್ದು. ಆಮೇಲೆ ‘ಮಕ್ಕಳ ದಂಡು’, ‘ನೆಂಟರ ದಂಡು’ ಬಂದವು. ಅಂದರೆ ನಾವು ಸೈನ್ಯದಿಂದ ಗುಂಪಿಗೆ ಬಂದೆವು, ಇಟಲಿಯವರು ಗುಂಪಿನಿಂದ ಸೈನ್ಯಕ್ಕೆ ಹೋದರು. ಹಳೆಯ ಕಥೆಯನ್ನು ಅನುವಾದಿಸುವಾಗ ನಾನು ‘ದಂಡು’ ಬಳಸಲು ಹಿಂಜರಿಯುವುದಿಲ್ಲ.

ಗಡಿ ದಾಟಿ ಮರಳಿ ಬಂದದ್ದನ್ನು ಹಿಡಿಯಿರಿ

ಗುಂಪು ಸೈನ್ಯದ ಘಟಕವಾದದ್ದು ಬಹುಮಟ್ಟಿಗೆ ಹೊರಗಿನ ಕೆಲಸ. ಇಟಲಿಯಿಂದ ಪದ ಫ್ರೆಂಚಿಗೆ ಹೋಗಿ ‘ಬ್ರಿಗಾದ್’ ಆಯಿತು. ಹದಿನೇಳನೆಯ ಶತಮಾನದಲ್ಲಿ ಸ್ವೀಡನ್ನಿನ ಅರಸ ಗುಸ್ತಾವಸ್ ಅಡಾಲ್ಫಸ್ ಹಲವು ತುಕಡಿಗಳನ್ನು ಒಂದೇ ಆಜ್ಞೆಯ ಕೆಳಗೆ ತಂದು ಯುದ್ಧಭೂಮಿಯಲ್ಲಿ ಬ್ರಿಗೇಡ್ ಎಂಬುದಕ್ಕೆ ರೂಪ ಕೊಟ್ಟ. ಫ್ರಾನ್ಸ್ ಅದನ್ನು ತನ್ನದಾಗಿಸಿಕೊಂಡಿತು. ಅಲ್ಲಿಂದ ಪದ ಇಂಗ್ಲಿಷಿಗೂ ಹೋಯಿತು, ಸಮವಸ್ತ್ರ ತೊಟ್ಟು ತವರಿಗೂ ಬಂತು. ಬೆಂಗಳೂರಿನ ಬ್ರಿಗೇಡ್ ರಸ್ತೆಯ ಫಲಕ ಈ ಪ್ರಯಾಣದ ಇಂಗ್ಲಿಷ್ ಕವಲಿನ ಒಂದು ತುದಿ.

ಫ್ರೆಂಚ್ ಕವಲಿನಲ್ಲಿ ಒಂದು ಚಿಕ್ಕ ಟಿಸಿಲು ಒಡೆಯಿತು, ನಮ್ಮ ಪಾಸ್‌ಪೋರ್ಟ್ ಹುಡುಗರ ಗೊಂದಲಕ್ಕೆ ಅದೇ ಕಾರಣ. ಫ್ರಾನ್ಸಿನ ಸೈನಿಕ ಪೊಲೀಸ್ ಪಡೆಯಾದ ಜಾಂದಾರ್ಮರಿಯಲ್ಲಿ ‘ಬ್ರಿಗಾದ್’ ಎಂದರೆ ಸಾವಿರಾರು ಜನರ ಪಡೆಯಲ್ಲ, ಒಂದು ಪ್ರದೇಶವನ್ನು ಕಾಯುವ ಕೆಲವೇ ಜನರ ಠಾಣೆ. 1814ರ ಜುಲೈ 13ರಂದು ಸವೋಯಾ ಅರಸ ಮೊದಲನೇ ವಿತ್ತೋರಿಯೊ ಎಮನುವೇಲೆ ಇದೇ ತೋರಿನೊದಲ್ಲಿ ಕರಬಿನ್ಯೇರಿ ಪಡೆಯನ್ನು ಕಟ್ಟಿದಾಗ ಮಾದರಿ ಆ ಜಾಂದಾರ್ಮರಿಯೇ. ಚಿಕ್ಕ ಬ್ರಿಗಾದ್‌ಗೆ ಚಿಕ್ಕ ಬ್ರಿಗದ್ಯೇರೆ; ಲೆಕ್ಕ ಸರಿಯಾಗಿಯೇ ಇದೆ. ಸೇನೆಯ ದೊಡ್ಡ ಬ್ರಿಗಾತಾವನ್ನು ಮುನ್ನಡೆಸುವವರಿಗೆ ‘ಜೆನೆರಾಲೆ ದಿ ಬ್ರಿಗಾತಾ’ ಎಂಬ ಬೇರೆ ದರ್ಜೆಯೇ ಇದೆ. ನಮ್ಮ ಬ್ರಿಗೇಡಿಯರ್ ಕೂರಬೇಕಾದ್ದು ಅದರ ಪಕ್ಕದಲ್ಲಿ.

ದರ್ಜೆಯ ಪದವಾದರೆ ಏಣಿಯನ್ನೇ ನೋಡಿ

ಒಂದು ದರ್ಜೆಯ ಪದದ ತೂಕ ಅದರ ಬೇರಿನಲ್ಲಿ ಸಿಗುವುದಿಲ್ಲ, ಅದರ ಮೇಲೆ ಕೆಳಗೆ ಯಾರಿದ್ದಾರೆ ಎಂಬುದರಲ್ಲಿ ಸಿಗುತ್ತದೆ. ಕೆಳದಿಯ ನಾಯಕರು, ಚಿತ್ರದುರ್ಗದ ನಾಯಕರು ನಾಡನ್ನು ಆಳಿದವರು. ನಮ್ಮ ಸೇನೆಯ ನಾಯಕ್‌ಗೆ ತೋಳಿನ ಮೇಲೆ ಎರಡು ಪಟ್ಟಿ ಮಾತ್ರ. 1944ರ ಜುಲೈ 10ರಂದು ಉಂಬ್ರಿಯಾದ ಮೊಂತೋನೆಯ ಬಳಿ ಹೋರಾಡಿ ಮಡಿದು ವಿಕ್ಟೋರಿಯಾ ಕ್ರಾಸ್ ಪಡೆದ ಯಶವಂತ ಘಾಡ್ಗೆ ಅಂಥ ಒಬ್ಬ ನಾಯಕ್, ಅಪ್ಪನ ರೆಜಿಮೆಂಟಿನವರು. 2023ರಲ್ಲಿ ಮೊಂತೋನೆಯಲ್ಲಿ ಅವರ ನೆನಪಿಗೆ ನೆರಳುಗಡಿಯಾರದ ಸ್ಮಾರಕ ಎದ್ದಿತು. ಇಟಾಲಿಯನ್ನಿನಲ್ಲಿ ಅವರ ದರ್ಜೆಗೆ ಸರಿಯಾದದ್ದು ‘ಕಪೊರಾಲೆ’. ಕಾಪೊ ಎಂದರೆ ತಲೆ, ಮುಖ್ಯಸ್ಥ. ಎರಡು ಭಾಷೆಗಳೂ ದೊಡ್ಡ ಹೆಸರನ್ನು ಚಿಕ್ಕ ಪಟ್ಟಿಗೆ ಕೊಟ್ಟಿವೆ.

ಆದರೆ ಪತ್ರಿಕೆಯಲ್ಲಿ ಕಾಣುವ ‘ಕಪೊರಾಲೆ’ ಹೆಚ್ಚಾಗಿ ಸೈನಿಕನಲ್ಲ. ಬೆಳಗಿನ ಜಾವ ಕೂಲಿಗಳನ್ನು ವ್ಯಾನಿಗೆ ತುಂಬಿ ಹೊಲಕ್ಕೆ ಸಾಗಿಸಿ ಅವರ ಕೂಲಿಯಲ್ಲಿ ಪಾಲು ಕೀಳುವ ಮೇಸ್ತ್ರಿ ಅವನು. ಈ ದಂಧೆಗೆ ‘ಕಪೊರಲಾತೊ’ ಎಂದು ಹೆಸರು. 2016ರ 199ನೇ ಕಾನೂನು ಇದನ್ನು ಶಿಕ್ಷಿಸಲೆಂದೇ ಬಂತು. ರೋಮಿನ ದಕ್ಷಿಣಕ್ಕಿರುವ ಲತೀನಾ ಸುತ್ತಿನ ಹೊಲಗಳಲ್ಲಿ ದುಡಿಯುವ ಪಂಜಾಬಿಗಳ ಸುದ್ದಿಯಲ್ಲಿ ಈ ಪದ ಮತ್ತೆ ಮತ್ತೆ ಬರುತ್ತದೆ. ಅದನ್ನು ‘ಕಾರ್ಪೊರಲ್’ ಎಂದು ಅನುವಾದಿಸಿದರೆ ಶೋಷಕನಿಗೆ ಪಟ್ಟಿ ಹಚ್ಚಿದಂತಾಗುತ್ತದೆ.

‘ಮರೆಶ್ಶಾಲ್ಲೊ’ ಇನ್ನೊಂದು ಬಲೆ. ಫೀಲ್ಡ್ ಮಾರ್ಷಲ್ ಕಾರ್ಯಪ್ಪನವರ ನಾಡಿನವರಿಗೆ ಇದನ್ನು ನೋಡಿದರೆ ಕೈ ತಾನಾಗಿ ಸಲ್ಯೂಟ್‌ಗೆ ಏಳುತ್ತದೆ. ಏಳಬೇಕಿಲ್ಲ, ಇಲ್ಲಿ ಹಳ್ಳಿಯ ಠಾಣೆ ನೋಡಿಕೊಳ್ಳುವವರೂ ಮರೆಶ್ಶಾಲ್ಲೊ. ಬೇರಿಗೆ ಇಳಿದರೆ ಇನ್ನೂ ತಮಾಷೆ: ಹಳೆಯ ಫ್ರಾಂಕರ ಭಾಷೆಯಲ್ಲಿ ಅದು ಕುದುರೆ ನೋಡಿಕೊಳ್ಳುವ ಆಳು.

‘ಬ್ರಿಗಾತೆ’ಯ ಮುಂದಿನ ಪದವನ್ನೂ ಇಸವಿಯನ್ನೂ ಬಿಡಬೇಡಿ

ಬಹುವಚನ ಕಂಡರೆ ಹೆಚ್ಚು ಎಚ್ಚರ ಬೇಕು. ಸೇನೆಯ ಬ್ರಿಗಾತಾಗಳಿಗೆ ಸಾಮಾನ್ಯವಾಗಿ ಊರು, ನಾಡು, ಸಿಡಿಲು, ವೀರರ ಹೆಸರು: ಸಸ್ಸಾರಿ, ಯೂಲಿಯಾ, ಫೋಲ್ಗೊರೆ. ತೋರಿನೊದ ಪರ್ವತ ಬ್ರಿಗೇಡಿನ ಹೆಸರು ತೌರಿನೆನ್ಸೆ. ಸಸ್ಸಾರಿಯನ್ನು 1915ರ ಮಾರ್ಚಿನಲ್ಲಿ ಸಾರ್ಡಿನಿಯಾ ದ್ವೀಪದವರಿಂದಲೇ ಕಟ್ಟಿದರು. ಅದರಲ್ಲಿ 151 ಮತ್ತು 152ನೇ ರೆಜಿಮೆಂಟುಗಳಿದ್ದವು. ಆ ಕಾಲದಲ್ಲಿ ಎರಡು ರೆಜಿಮೆಂಟಿಗೆ ಒಂದು ಬ್ರಿಗಾತಾ. 1975ರ ಸುಧಾರಣೆಯಲ್ಲಿ ರೆಜಿಮೆಂಟಿನ ಮೆಟ್ಟಿಲನ್ನೇ ತೆಗೆದು ಬೆಟಾಲಿಯನ್‌ಗಳನ್ನು ನೇರವಾಗಿ ಬ್ರಿಗೇಡಿನ ಕೆಳಗೆ ತಂದರು, 1990ರ ದಶಕದಲ್ಲಿ ಮತ್ತೆ ರೆಜಿಮೆಂಟುಗಳು ಬಂದವು. ಹಾಗಾಗಿ ‘ಬ್ರಿಗಾತಾದಲ್ಲಿ ಎಷ್ಟು ಜನ’ ಎಂದು ಕೇಳುವ ಮುನ್ನ ಯಾವ ಇಸವಿಯ ಕಾಗದ ಎಂದು ನೋಡಿ.

1943ರಿಂದ 1945ರವರೆಗಿನ ಕಾಗದವಾದರೆ ಸರ್ಕಾರಿ ಸೇನೆಯನ್ನು ಮರೆಯಿರಿ. ಜರ್ಮನ್ನರ ಮತ್ತು ಫ್ಯಾಸಿಸ್ಟರ ವಿರುದ್ಧ ಬೆಟ್ಟ ಹತ್ತಿದ ಪಾರ್ಟಿಜಾನರು ತಮ್ಮ ಪಡೆಗಳನ್ನು ಬ್ರಿಗಾತೆ ಎಂದೇ ಕರೆದರು: ಕಮ್ಯುನಿಸ್ಟರದು ಗರಿಬಾಲ್ದಿ, ಸಮಾಜವಾದಿಗಳದು ಮತ್ತೆಯೋತ್ತಿ, ಆಕ್ಷನ್ ಪಕ್ಷದವರದು ‘ನ್ಯಾಯ ಮತ್ತು ಸ್ವಾತಂತ್ರ್ಯ’. ಅವರನ್ನು ಬೇಟೆಯಾಡಲು ಜರ್ಮನ್ನರ ಬೆಂಬಲದಿಂದ ಉತ್ತರ ಇಟಲಿಯಲ್ಲಿ ನಡೆದ ಮುಸೊಲಿನಿಯ ಸಾಲೊ ಸರ್ಕಾರ 1944ರಲ್ಲಿ ಕಟ್ಟಿದ ಪಡೆಗಳ ಹೆಸರು ‘ಬ್ರಿಗಾತೆ ನೇರೆ’, ಕಪ್ಪು ಬ್ರಿಗೇಡುಗಳು. ಕೊಂದವರೂ ಸತ್ತವರೂ ಒಂದೇ ಪದ ಹೊತ್ತಿದ್ದರು. ಜಿನೋವಾದಲ್ಲಿ ಪಾರ್ಟಿಜಾನ್ ಬ್ರಿಗಾತೆಗಳ ಹೆಸರಿನ ದೊಡ್ಡ ರಸ್ತೆಯೇ ಇದೆ. ಕಪ್ಪು ಬ್ರಿಗೇಡಿನ ಹೆಸರಿನಲ್ಲಿ ರಸ್ತೆ ಹುಡುಕಬೇಡಿ.

1970ರ ನಂತರದ್ದಾದರೆ ಬಣ್ಣ ಕೆಂಪು. ‘ಬ್ರಿಗಾತೆ ರೋಸ್ಸೆ’ ಆ ವರ್ಷ ಹುಟ್ಟಿದ ಸಶಸ್ತ್ರ ಎಡಪಂಥೀಯ ಗುಂಪು. ಹೆಸರು ಆರಿಸಿಕೊಂಡಾಗ ಅವರ ಕಣ್ಣು ಪಾರ್ಟಿಜಾನರ ಮೇಲಿತ್ತು. 1978ರ ಮಾರ್ಚ್ 16ರಂದು ಮಾಜಿ ಪ್ರಧಾನಿ ಆಲ್ದೊ ಮೋರೊ ಅವರನ್ನು ಅಪಹರಿಸಿ, ಐವರು ಅಂಗರಕ್ಷಕರನ್ನು ಕೊಂದು, ಮೇ 9ರಂದು ಮೋರೊ ಅವರ ಶವವನ್ನು ಕಾರಿನಲ್ಲಿ ಬಿಟ್ಟುಹೋದರು. ಅದಕ್ಕೆ ಮುಂಚಿನ ವರ್ಷ ತೋರಿನೊದಲ್ಲಿ ವಕೀಲರ ಸಂಘದ ಅಧ್ಯಕ್ಷ ಫುಲ್ವಿಯೊ ಕ್ರೋಚೆ ಮತ್ತು ‘ಲಾ ಸ್ತಾಂಪಾ’ ಪತ್ರಿಕೆಯ ಉಪ ಪ್ರಧಾನ ಸಂಪಾದಕ ಕಾರ್ಲೊ ಕಸಲೇನ್ಯೊ ಇವರ ಗುಂಡಿಗೆ ಬಲಿಯಾಗಿದ್ದರು. ಈ ಊರಿನ ಹಿರಿಯರು ಆ ವರ್ಷಗಳ ಬಗ್ಗೆ ಮಾತನಾಡುವಾಗ ಇಂದಿಗೂ ದನಿ ತಗ್ಗಿಸುತ್ತಾರೆ. ‘ಬ್ರಿಗತೀಸ್ತಾ’ ಎಂದರೆ ಈ ಗುಂಪಿನವನು; ಸೇನೆಯ ಬ್ರಿಗೇಡಿನಲ್ಲಿರುವ ಯೋಧನನ್ನು ಆ ಪದದಿಂದ ಕರೆದರೆ ಅದು ಬೈಗುಳ.

ದಾರಿ ತಪ್ಪಿದ ತಮ್ಮ

ಅದೇ ಬೇರಿನ ‘ಬ್ರಿಗಾಂತೆ’ ಮೊದಲಿಗೆ ಕಾಲಾಳು, ತಂಡವೊಂದಕ್ಕೆ ಸೇರಿದ ಸೈನಿಕ. ಸಂಬಳ ನಿಂತ ಸೈನಿಕ ಏನು ಮಾಡುತ್ತಾನೆ? ಊರು ದೋಚುತ್ತಾನೆ. ಪದವೂ ದರೋಡೆಕೋರನಾಯಿತು. 1861ರಲ್ಲಿ ಇಟಲಿ ಒಂದಾದ ಮೇಲೆ ದಕ್ಷಿಣದಲ್ಲಿ ಹೊಸ ರಾಜ್ಯದ ವಿರುದ್ಧ ಎದ್ದ ರೈತರನ್ನೂ, ಅಲ್ಲಿ ಮೊದಲು ಆಳಿದ ಬೂರ್ಬೊನ್ ಅರಸರ ಹಳೆಯ ಸೈನಿಕರನ್ನೂ, ನಿಜವಾದ ಡಕಾಯಿತರನ್ನೂ ಸರ್ಕಾರ ಒಟ್ಟಿಗೆ ‘ಬ್ರಿಗಾಂತಿ’ ಎಂದು ಕರೆದು, 1863ರ ಪೀಕಾ ಕಾನೂನಿನಡಿ ಸೈನಿಕ ನ್ಯಾಯಾಲಯಗಳಿಗೆ ಒಪ್ಪಿಸಿತು. ಬಸಿಲಿಕಾತಾದ ಕಾರ್ಮಿನೆ ಕ್ರೋಕ್ಕೊ ಅವರಲ್ಲಿ ಹೆಸರಾಂತವನು. ಉತ್ತರದ ಪಠ್ಯದಲ್ಲಿ ಈ ಪದಕ್ಕೆ ‘ದರೋಡೆಕೋರ’ ಎನ್ನಬಹುದು. ದಕ್ಷಿಣದವರು ತಮ್ಮ ಅಜ್ಜನ ಬಗ್ಗೆ ಹೇಳುವಾಗ ‘ಬಂಡಾಯಗಾರ’ ಎಂಬುದೇ ಹತ್ತಿರ. ಬರೆದವರು ಯಾರು ಎಂದು ನೋಡದೆ ಇದನ್ನು ಅನುವಾದಿಸಬಾರದು.

ಸದ್ದು ಒಂದೇ ಎಂದು ಎಲ್ಲವನ್ನೂ ಒಂದೇ ಗೂಟಕ್ಕೆ ಕಟ್ಟಲೂಬಾರದು. ಪೋರ್ಚುಗಲ್ಲಿನ ಕೊನಿಂಬ್ರಿಗಾದಂಥ ಹಳೆಯ ಊರಹೆಸರುಗಳ ಬಾಲದಲ್ಲಿರುವ ‘ಬ್ರಿಗಾ’ ಬೆಟ್ಟ, ಕೋಟೆ ಎಂಬ ಕೆಲ್ಟಿಕ್ ಪದ. ರೋಮನ್ನರ ಕಾಲದ ಇಂಗ್ಲೆಂಡಿನಲ್ಲಿದ್ದ ಬ್ರಿಗಾಂತೆಸ್ ಎಂಬ ಬುಡಕಟ್ಟಿನ ಹೆಸರನ್ನೂ ಆ ಎತ್ತರದ ಅರ್ಥಕ್ಕೇ ಜೋಡಿಸುತ್ತಾರೆ. ಅವರು ದರೋಡೆಕೋರರೂ ಅಲ್ಲ, ಇಟಲಿಯ ಸೈನಿಕರೂ ಅಲ್ಲ.

ಕಾಗದದ ಮೇಲೆ ಬರೆಯುವಾಗ

ಸರ್ಕಾರಿ ದಾಖಲೆಯಲ್ಲಿ ನಾನು ದರ್ಜೆಯನ್ನು ಅನುವಾದಿಸುವುದೇ ಇಲ್ಲ. ಕನ್ನಡ ಲಿಪಿಯಲ್ಲಿ ‘ಬ್ರಿಗದ್ಯೇರೆ’ ಎಂದೇ ಬರೆದು ಪಕ್ಕದಲ್ಲಿ ‘ಕರಬಿನ್ಯೇರಿ ಪಡೆಯ ಕೆಳಹಂತದ ಅಧಿಕಾರಿ’ ಎಂದು ಸೇರಿಸುತ್ತೇನೆ. ದೂರು 1981ಕ್ಕಿಂತ ಹಳೆಯದಾಗಿದ್ದರೆ ಅವರು ಕರಬಿನ್ಯೇರಿಯವರೋ ಸಾಮಾನ್ಯ ಪೊಲೀಸಿನವರೋ ಎಂದು ಮುದ್ರೆ ನೋಡಿ ತಿಳಿದುಕೊಳ್ಳಿ. ಆ ವರ್ಷದ ಸುಧಾರಣೆಯಲ್ಲಿ ಪೊಲೀಸರು ಸೈನಿಕ ದರ್ಜೆಗಳನ್ನು ಬಿಡುವವರೆಗೆ ಅಲ್ಲಿಯೂ ಬ್ರಿಗದ್ಯೇರೆ ಇದ್ದರು. ಮುದ್ರೆಯಲ್ಲಿ ‘ಗ್ವಾರ್ದಿಯಾ ದಿ ಫಿನಾನ್ಸಾ’ ಎಂಬ ಹೆಸರು ಕಂಡರೆ ಗಡಿಬಿಡಿ ಬೇಡ, ಅದು ತೆರಿಗೆ ಮತ್ತು ಸುಂಕ ನೋಡಿಕೊಳ್ಳುವ ಪಡೆ. ಅವರಲ್ಲಿಯೂ ಈ ದರ್ಜೆ ಇದೆ, ಪಡೆಯ ಹೆಸರನ್ನು ಮಾತ್ರ ಬದಲಿಸಿ ಬರೆಯಿರಿ.